ವಿಭೂತಿ ಹಚ್ಚಿಸಿಕೊಂಡ ಟ್ಯಾಬ್ಲೆಟ್

ಟ್ಯಾಬ್ಲೆಟ್ ಇದ್ದಮೇಲೆ ಲ್ಯಾಪ್‌ಟಾಪ್ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಮೊದಲು ಈ ವಿಷಯದ ಮೇಲೆ ನಾನೇ ಭಾಷಣ ಬಿಗಿಯುತ್ತಿದ್ದೆ. ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ರಿಪೋರ್ಟ್ ಬರೆಯುವ ಕೆಲಸ ನನ್ನದು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತುವಾಗ ಟ್ಯಾಬ್ಲೆಟ್ಟನ್ನು ಮದುವೆ ಕರೆಯೋಲೆಯಂತೆ ಕೈಯಲ್ಲಿ ಹಿಡಿದು, ಬ್ಯಾಗು ಹೊತ್ತವರನ್ನು ಕನಿಕರದಿಂದ ನೋಡುತ್ತಿದ್ದೆ. ನನ್ನ ಹಗುರ ಲ್ಯಾಪ್‌ಟಾಪ್ ಬೀರುವಿನ ಮೇಲೆ ನಿವೃತ್ತಿ ಜೀವನ ನಡೆಸುತ್ತಿತ್ತು. ನಿಜ ಹೇಳಬೇಕೆಂದರೆ, ಟ್ಯಾಬ್ಲೆಟ್ಟಿನಲ್ಲಿ ಒಂದು ಪಟ್ಟಿ ತುಂಬುವಷ್ಟರಲ್ಲಿ ಬೆರಳು ನಾಲ್ಕು ಸಲ ಪಕ್ಕದ ಮನೆಗೆ ಹೋಗುತ್ತಿತ್ತು. ಒಪ್ಪಿಕೊಳ್ಳಲು ಮರ್ಯಾದೆ ಅಡ್ಡ ಬರುತ್ತಿತ್ತು, ಅಷ್ಟೆ.

ನನಗೊಂದು ಚಟವಿದೆ. ಮ್ಯಾನೇಜರ್ ಮೇಲೆ ಕೋಪ ಬಂದಾಗ ರಾಜೀನಾಮೆ ಬರೆಯುತ್ತೇನೆ, ಕಳಿಸುವುದಿಲ್ಲ. ಅವರ ಮೇಲ್ ವಿಳಾಸವನ್ನೂ ತುಂಬುತ್ತೇನೆ, ಇಲ್ಲದಿದ್ದರೆ ಕೋಪ ಪೂರ್ತಿ ಇಳಿಯುವುದಿಲ್ಲ. ಆಯುಧಪೂಜೆಯ ಹಿಂದಿನ ದಿನ ಬರೆದದ್ದರಲ್ಲಿ, ‘ನಮ್ಮ ಲಿಫ್ಟುಗಳಿಗಿಂತ ತಮ್ಮ ಬುದ್ಧಿಯೇ ಹೆಚ್ಚು ಸಲ ಮಧ್ಯದಲ್ಲಿ ನಿಲ್ಲುತ್ತದೆ’ ಎಂಬ ಸಾಲಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಮಿಕ್ಸಿ, ಈಳಿಗೆಮಣೆಗಳ ಪಕ್ಕ ಟ್ಯಾಬ್ಲೆಟ್ಟನ್ನೂ ಮಣೆಯ ಮೇಲೆ ಕೂರಿಸಿದರು. “ಏನೋ ಇದು, ಮುಖ ಕಪ್ಪಗೆ ಮಾಡ್ಕೊಂಡು ಕೂತಿದೆ? ಸ್ಕೂಟರನ್ನೂ ಚಾಲೂ ಮಾಡೇ ಪೂಜೆ ಮಾಡೋದು. ಇದನ್ನೂ ಹೊತ್ತಿಸು.”

ಹೊತ್ತಿಸಿದೆ. ಎದ್ದು ಬಂದದ್ದು ರಾಜೀನಾಮೆ! ಮುಚ್ಚುವಷ್ಟರಲ್ಲಿ ಅಮ್ಮ ನೆನೆಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಪರದೆಯ ಮೇಲೆ ಅಡ್ಡಡ್ಡ ಎಳೆದೇಬಿಟ್ಟರು. ಲ್ಯಾಪ್‌ಟಾಪ್ ಆಗಿದ್ದರೆ ಮುಚ್ಚಿದ ಬೆನ್ನಿನ ಮೇಲೆ ಪಟ್ಟೆ ಬೀಳುತ್ತಿತ್ತು. ಇದಕ್ಕೋ ಮೈಯೆಲ್ಲ ಮುಖ. ಪತ್ರ ಮೇಲಕ್ಕೆ ಹಾರಿತು, ಕೀಬೋರ್ಡ್ ಎದ್ದಿತು, ನೀರಿನ ಹನಿಗಳೇ ಟೈಪು ಮಾಡತೊಡಗಿದವು. ಕೊನೆಗೆ ಎರಡು ಗುಂಡಿಗಳ ಪೆಟ್ಟಿಗೆಯೊಂದು ತೆರೆದು ಏನೋ ಕೇಳಿತು. ಏನೆಂದು ಓದಲು ವಿಭೂತಿ ಅಡ್ಡ.

ಕೈ ಚಾಚಿದೆ. ಅಮ್ಮ ಫಟ್ಟನೆ ಹೊಡೆದರು. “ಪೂಜೆಗಿಟ್ಟಿದ್ದನ್ನ ಮಂಗಳಾರತಿ ಆಗೋ ತನಕ ಮುಟ್ತಾರೇನೋ? ಕಾಲೇಜು ಬೇರೆ ಓದಿದೀಯ!”

“ಅಮ್ಮಾ, ನನ್ನ ಕೆಲಸ ಹೋಗುತ್ತೆ!”

“ಇವತ್ತು ರಜಾ ಕಣೋ. ಎಲ್ಲಿಗೂ ಹೋಗಲ್ಲ, ಸುಮ್ನಿರು.”

ಹೆಂಡತಿ ಗಿರಿಜಾ ನನ್ನ ಮುಖ ನೋಡಿ, “ಬೆವರ್ತಾ ಇದೀರಲ್ರೀ, ಫ್ಯಾನ್ ಹಾಕ್ಲಾ?” ಎಂದಳು.

“ದೀಪ ಆರುತ್ತೆ ಕಣೇ. ಬೆವರಲಿ ಬಿಡು,” ಎಂದರು ಅಮ್ಮ.

ಅಮ್ಮನ ಕುಂಕುಮದ ಬೆರಳು ಆ ಪೆಟ್ಟಿಗೆಯ ಕಡೆಗೇ ಇಳಿಯಿತು. ಕಣ್ಣು ಮುಚ್ಚಿದರೆ ಈಗಲೂ ಅದು ಇಳಿಯುತ್ತಲೇ ಇರುತ್ತದೆ. ಒತ್ತಿತು. ಪತ್ರ ಮಾಯ! ಆಮೇಲೆ ಅಮ್ಮ ಸಾವಕಾಶವಾಗಿ ಮೂರು ಆರತಿ ಹಾಡು ಹೇಳಿದರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ನಾಲ್ಕು ಕಂಪನಿಗೆ ಅರ್ಜಿ ಹಾಕಿ, ನಾಲ್ಕೂ ಕಡೆ ವಯಸ್ಸಾಯಿತೆಂದು ವಾಪಸ್ಸಾಗಿದ್ದೆ.

ಆರತಿ ಮುಗಿದದ್ದೇ ಟವೆಲಿನಿಂದ ಒರೆಸಿ ನೋಡಿದೆ. ಕಳಿಸಿದ ಮೇಲ್‌ಗಳಲ್ಲಿ ಪತ್ರವಿಲ್ಲ. ಅರ್ಧ ಬರೆದವುಗಳಲ್ಲೂ ಇಲ್ಲ. ಅಮ್ಮ ಅದನ್ನು ಅಳಿಸಿಹಾಕಿದ್ದರು! ಇದ್ದಲ್ಲೇ ಅವರ ಕಾಲಿಗೆ ಅಡ್ಡಬಿದ್ದೆ. “ಈಗ ಬಂತು ನೋಡು ಭಕ್ತಿ,” ಎಂದು ತಲೆ ಸವರಿದರು.

ಅಂದೇ ಲ್ಯಾಪ್‌ಟಾಪನ್ನು ಕೆಳಗಿಳಿಸಿದೆ. ರಜೆ ಮುಗಿದ ಬೆಳಿಗ್ಗೆಯೇ ಮ್ಯಾನೇಜರ್ ಫೋನ್ ಮಾಡಿ, “ಏನ್ರೀ, ಸುಂಕದಕಟ್ಟೆ ರಿಪೋರ್ಟ್ ಎಲ್ಲಿ? ನಿದ್ದೆ ಮಾಡ್ತಿದೀರಾ?” ಎಂದು ಗದರಿದರು. ಬೈಗುಳ ಕಿವಿಗೆ ಇಷ್ಟು ತಂಪಾಗಿರಬಲ್ಲದೆಂದು ನನಗೆ ಗೊತ್ತಿರಲಿಲ್ಲ. “ಈಗ್ಲೇ ಕಳಿಸ್ತೀನಿ ಸಾರ್. ನೀವು ನೆನಪು ಮಾಡಿದ್ದು ಎಷ್ಟು ಒಳ್ಳೇದಾಯ್ತು ಸಾರ್. ತಿಂಡಿ ಆಯ್ತಾ ಸಾರ್?” ಎಂದೆ.

ಗಿರಿಜಾ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದಳು. “ಯಾರ್ರೀ ಅದು, ಇಷ್ಟು ಪ್ರೀತಿಯಿಂದ ತಿಂಡಿ ವಿಚಾರಿಸ್ತಾ ಇರೋದು?”