ಉಳುಕಿದ ಕಾಲಿಗೆ ಬಾಣಂತನ

ಮನೆಯವರಿಗೆ ಉಪಯೋಗವಾಗಲೆಂದು ಯಾರೂ ಆಹಾರಶಾಸ್ತ್ರ ಓದಬಾರದು. ಡಾಕ್ಟರರಿಗಾದರೆ ಮನೆಯವರು ಒಂದಿಷ್ಟು ಹೆದರುತ್ತಾರೆ; ಆಹಾರತಜ್ಞೆಗೆ ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟಿಗಿರುವ ಮರ್ಯಾದೆಯೂ ಇಲ್ಲ. ನಾನು ಚಾಮರಾಜನಗರದ ಒಂದು ಕ್ಲಿನಿಕ್ಕಿನಲ್ಲಿ ಆಟಗಾರರು ಏನು ತಿನ್ನಬೇಕು, ಪೆಟ್ಟಾದರೆ ಹೇಗೆ ಚೇತರಿಸಿಕೊಳ್ಳಬೇಕು ಎಂದು ಹೇಳಿಕೊಡುತ್ತೇನೆ. ಅಲ್ಲಿ ಜನ ತಲೆ ಆಡಿಸಿ ಕೇಳುತ್ತಾರೆ. ಬೇಗೂರಿನ ನಮ್ಮ ಮನೆಯಲ್ಲಿ ಮಾತ್ರ, ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದೇ ನನಗೆ ಗೊತ್ತಿಲ್ಲ ಎಂಬ ಅಭಿಪ್ರಾಯವಿದೆ. ಅದು ಪೂರ್ತಿ ಸುಳ್ಳೂ ಅಲ್ಲ.

ನನ್ನ ತಂಗಿ ಭವ್ಯ ಕಬಡ್ಡಿ ಆಡುತ್ತಾಳೆ. ಎದುರಿಗೆ ಪರಿಚಯದವರು ಬಂದರೆ ರಸ್ತೆಯ ಆಚೆ ಬದಿಗೆ ಸರಿಯುವವಳು ನಾನು. ಎದುರಾಳಿಗಳ ನಡುವೆ ನುಗ್ಗಿ ಮುಟ್ಟಿ ಬರುವವಳು ಅವಳು. ಜಿಲ್ಲಾ ತಂಡದ ಆಯ್ಕೆಗೆ ತಿಂಗಳಿದೆ ಎನ್ನುವಾಗ ಗುಂಡ್ಲುಪೇಟೆಯ ಮೈದಾನದಲ್ಲಿ ಅವಳ ಎಡಗಾಲು ಉಳುಕಿತು. ವಯಸ್ಸಿನ ಲೆಕ್ಕದಲ್ಲಿ ಆ ವಿಭಾಗದಲ್ಲಿ ಆಡಲು ಅವಳಿಗೆ ಇದೇ ಕೊನೆಯ ವರ್ಷ. ಅದಕ್ಕೆ ತೂಕದ ಮಿತಿಯೂ ಉಂಟು, ಭವ್ಯ ಯಾವಾಗಲೂ ಆ ಮಿತಿಯ ಅಂಚಿನಲ್ಲೇ ಇದ್ದವಳು. ನಾನು ಫೋನಿನಲ್ಲಿ ಅಜ್ಜಿಗೆ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದೆ: ಊತ ಇಳಿಯುವವರೆಗೆ ವಿಶ್ರಾಂತಿ, ಪ್ರೋಟೀನ್ ಚೆನ್ನಾಗಿರಲಿ, ತುಪ್ಪ ಬೆಲ್ಲ ಕಡಿಮೆ ಇರಲಿ, ವ್ಯಾಯಾಮವನ್ನು ನಾನು ಬಂದು ಹೇಳಿಕೊಡುತ್ತೇನೆ. ಅಜ್ಜಿ ಇದರಲ್ಲಿ ತಮಗೆ ಬೇಕಾದಷ್ಟನ್ನು ಆರಿಸಿಕೊಂಡರು. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಹಗಲು ಹೊತ್ತು ಮಲಗಿ ಚೆನ್ನಾಗಿ ತಿನ್ನುವ ಸಂದರ್ಭ ಒಂದೇ ಒಂದು. ಅದು ಬಾಣಂತನ. ಅಜ್ಜಿಗೆ ಬೇರೆ ಚಿಕಿತ್ಸೆ ತಿಳಿಯದು. ತಿಳಿದದ್ದನ್ನು ಅರ್ಧಕ್ಕೆ ಬಿಡುವವರೂ ಅವರಲ್ಲ.

ಭಾನುವಾರ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿಗಳ ಸಂದಿಯಲ್ಲಿ ಬಸ್ಸು ಬದಲಿಸಿ ಊರು ತಲುಪಿದೆ. ಬಾಗಿಲಿಗೇ ಸಾಂಬ್ರಾಣಿ ಹೊಗೆ. ಎಣ್ಣೆನೀರು ಹಾಕಿಸಿಕೊಂಡು ಕೆಂಪಗಾಗಿದ್ದ ಭವ್ಯ, ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ ಮಂಚದ ಮೇಲಿದ್ದಳು. ಪಕ್ಕದಲ್ಲಿ ಕೊಬ್ಬರಿ, ಬೆಲ್ಲ, ತುಪ್ಪದ ಉಂಡೆಗಳ ದೊಡ್ಡ ಡಬ್ಬಿ.

“ಅಜ್ಜಿ, ಉಳುಕಿರೋದು ಕಾಲು. ಕಿವಿಗ್ಯಾಕೆ ಹತ್ತಿ?” ಎಂದೆ.

“ಗಾಳಿ ಕಾಲಿಂದ ನುಗ್ಗದಾ ಕೂಸೆ? ಕಿವಿಯಿಂದ್ಲೇ ನುಗ್ಗಾದು. ನಿನ್ನ ಓದ್ಸಿದ್ದೇ ದಂಡ ಆಯ್ತು ಬುಡು.”

ಸಾಂಬ್ರಾಣಿಯ ವಾಸನೆ ಹಿಡಿದು ಪಕ್ಕದ ಮನೆಯ ಗೌರಮ್ಮ ಒಳಗೆ ಬಂದರು. ಮಂಚ ನೋಡಿ ಅವರ ಕಣ್ಣು ಅಗಲವಾಯಿತು. “ಏನ್ರವ್ವಾ, ಗಂಡೋ ಹೆಣ್ಣೋ?”

“ಎಡಗಾಲು ಕಣತ್ತೆ!” ಎಂದು ಭವ್ಯ ಕಿರುಚಿದಳು.

ನಾನು ಅಜ್ಜಿಯನ್ನು ಕೂರಿಸಿಕೊಂಡು ತೂಕದ ಮಿತಿಯ ವಿಷಯ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ನನ್ನ ಕೈಗೂ ಒಂದು ಉಂಡೆ ಇಟ್ಟರು. “ಇದ್ರಲ್ಲೂ ನಿನ್ ಪ್ರೋಟೀನೇ ಇರಾದು ಕಣಮ್ಮಿ. ಕಡ್ಲೆ, ಬಾದಾಮಿ ಎಲ್ಲ ಆಕಿವ್ನಿ.” ಮಾತು ನಿಜವೇ. ಉಳಿದ ನಿಜವನ್ನು ನಾನು ಹೇಳಬೇಕಿತ್ತು. ಆದರೆ ಬಾಯಿ ತುಂಬ ಉಂಡೆಯಿತ್ತು.

ಭವ್ಯ ವಿಧೇಯ ಹುಡುಗಿ. ನಾನು ಹೇಳಿಕೊಟ್ಟ ವ್ಯಾಯಾಮವನ್ನು ಬಾಗಿಲ ಮರೆಯಲ್ಲಿ ತಪ್ಪದೆ ಮಾಡಿದಳು, ಅಜ್ಜಿಯ ಉಂಡೆಯನ್ನು ಎದುರಿಗೇ ತಪ್ಪದೆ ತಿಂದಳು. ತೂಕ ನೋಡಿಕೊಂಡೆಯಾ ಎಂದು ಫೋನಿನಲ್ಲಿ ಕೇಳಿದರೆ, “ಇಲ್ಲಿ ತಕ್ಕಡಿ ಇರಾದು ಮಾರ್ಕೆಟ್ ಮಂಡಿಲಿ. ಈರುಳ್ಳಿ ಮೂಟೆ ಪಕ್ಕ ನಾನು ಕೂತ್ಕಳಲ್ಲ ಕಣಕ್ಕ,” ಎಂದಳು. ನಾನೂ ಒತ್ತಾಯಿಸಲಿಲ್ಲ. ಒತ್ತಾಯಿಸುವುದು ನನ್ನ ಸ್ವಭಾವದಲ್ಲಿಲ್ಲ. ಅದು ಸದ್ಗುಣವೆಂದು ಆವರೆಗೂ ತಿಳಿದಿದ್ದೆ.

ಆಯ್ಕೆಯ ದಿನ ಚಾಮರಾಜನಗರದ ಮೈದಾನದಲ್ಲಿ ಅವಳು ಎಡಗಾಲಿನ ಮೇಲೆ ಕುಪ್ಪಳಿಸಿ ತೋರಿಸಿದಳು. ನೋವಿಲ್ಲ, ಊತವಿಲ್ಲ. ನನಗೆ ನನ್ನ ವಿದ್ಯೆಯ ಮೇಲೆ ಹೆಮ್ಮೆಯಾಯಿತು. ಆಮೇಲೆ ತೂಕದ ಯಂತ್ರ. ಇಳಿದಳು, ಜಾಕೆಟ್ಟು ತೆಗೆದು ಹತ್ತಿದಳು. ಮತ್ತೆ ಇಳಿದು ಓಲೆ, ಕ್ಲಿಪ್ಪು ಬಿಚ್ಚಿಟ್ಟು ಹತ್ತಿದಳು. ತೂಕ ನೋಡುತ್ತಿದ್ದ ಮೇಷ್ಟ್ರು ಬೇಸರದಿಂದಲೇ ಹೇಳಿದರು: “ಕಾಲು ವಾಸಿ ಆಗ್ಬುಟ್ಟದೆ ಕಣಮ್ಮಿ. ಮಿಕ್ಕಿದ್ದು ಒಸಿ ಜಾಸ್ತೀನೇ ವಾಸಿ ಆಗ್ಬುಟ್ಟದೆ.”

ಸುತ್ತಲಿದ್ದವರು ನಕ್ಕರು. ಭವ್ಯಳೂ ನಕ್ಕಳು. ಅವಳ ಜಾಗಕ್ಕೆ ಬೇರೆ ಹುಡುಗಿ ಹೋದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನೋಡಿದೆವು. ಆ ಹುಡುಗಿ ಒಳನುಗ್ಗಿದಾಗಲೆಲ್ಲ ಭವ್ಯಳ ಎಡಗಾಲು ತನಗೆ ತಾನೇ ನೆಲ ಒದೆಯುತ್ತಿತ್ತು. ಅಷ್ಟು ಚೆನ್ನಾಗಿ ವಾಸಿಯಾದ ಕಾಲನ್ನು ನನ್ನ ಕ್ಲಿನಿಕ್ಕಿನಲ್ಲೂ ನಾನು ಕಂಡಿಲ್ಲ.

ಬಸ್ಸಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: “ಅಜ್ಜಿಗೆ ತೂಕದ್ ವಿಷ್ಯ ಏಳ್ಬೇಡ ಕಣಕ್ಕ. ಬ್ಯಾರೆಯೋರು ಚೆಂದಾಗಿ ಆಡುದ್ರು ಅನ್ನು.” ಒಂದು ಗ್ರಾಮು ಹೆಚ್ಚುಕಡಿಮೆಯಾದರೆ ಸಹಿಸದ ನಾನು ಹಾಗೆಯೇ ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿಶ್ಶಕ್ತಿ ಕಣವ್ವಾ ಕೂಸ್ಗೆ. ಇನ್ನೊಸಿ ತಿನ್ನುಸ್ಬೇಕಿತ್ತು, ನಂದೇ ತಪ್ಪು.”

ಈಗ ಪೆಟ್ಟಾದ ಆಟಗಾರರು ಬಂದರೆ, ಮನೆಯಲ್ಲಿ ಅಜ್ಜಿ ಇದ್ದಾರೆಯೇ ಎಂದು ಮೊದಲು ಕೇಳುತ್ತೇನೆ. ಇದ್ದರೆ ಅವರನ್ನೂ ಕರೆತನ್ನಿ ಎನ್ನುತ್ತೇನೆ. ನಮ್ಮ ಅಜ್ಜಿಯನ್ನು ಮಾತ್ರ ಕರೆಸಿಲ್ಲ. ನಾನೂ ಸೊರಗಿದ್ದೇನೆಂದು ಅವರು ಕಟ್ಟಿಕೊಟ್ಟ ಡಬ್ಬಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದು ಖಾಲಿಯಾದ ದಿನ ಊರಿಗೆ ಹೋಗಿ ನಿಜ ಹೇಳಿಬಿಡಬೇಕೆಂದುಕೊಂಡಿದ್ದೇನೆ. ಆದರೆ ಅದು ಖಾಲಿಯಾಗುವ ಮೊದಲೇ ಬೇಗೂರಿನಿಂದ ಇನ್ನೊಂದು ಬಂದುಬಿಡುತ್ತದೆ.