ಅಕ್ಕಿ ಡಬ್ಬಿಯಲ್ಲಿ ಹಾರ್ಡ್ ಡಿಸ್ಕ್

ಸೊರಬದ ನಮ್ಮ ಫೋಟೋ ಸ್ಟುಡಿಯೋದಲ್ಲಿ ಏನಾದರೊಂದು ಕೆಡುತ್ತಲೇ ಇರುತ್ತದೆ. ಕೆಟ್ಟದ್ದು ಕೊಡುವ ಕಾಟ ಅಷ್ಟಿಲ್ಲ. ಸರಿ ಮಾಡಲು ಬರುವವರದೇ ಕಾಟ.

ಈ ಸಲ ಕೆಟ್ಟದ್ದು ಹಾರ್ಡ್ ಡಿಸ್ಕ್. ಆಯುಧಪೂಜೆಯ ಮಾರನೆಯ ದಿನ ವೈರ್ ಚುಚ್ಚಿದರೆ ದೀಪ ಹತ್ತಲಿಲ್ಲ, ಕಂಪ್ಯೂಟರ್ ಅದನ್ನು ಗುರುತೇ ಹಿಡಿಯಲಿಲ್ಲ. ಅದರೊಳಗೆ ನನ್ನ ಮಗಳ ನಾಮಕರಣದ ವಿಡಿಯೋ ಇತ್ತು, ಆ ವಿಡಿಯೋದಲ್ಲಿ ನನ್ನ ಅಮ್ಮ. ಅಮ್ಮ ಹೋದ ವರ್ಷ ತೀರಿಕೊಂಡಳು. ಯಾರು ಮೊಬೈಲ್ ಎತ್ತಿದರೂ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದವಳು. ಸ್ಟ್ಯಾಂಡಿನ ಮೇಲೆ ಆಫ್ ಮಾಡಲು ಮರೆತ ಕ್ಯಾಮೆರಾಕ್ಕೆ ಅವತ್ತು ಸಿಕ್ಕಿಬಿದ್ದಿದ್ದಳಂತೆ; ವಿಡಿಯೋ ಓಡಿಸುವಾಗ ಅರೆಕ್ಷಣ ಕಂಡಳೆಂದು ನಮ್ಮವರು ಹೇಳಿದ್ದರು. ನೋಡಲು ನನಗೆ ಧೈರ್ಯ ಬಂದಿರಲಿಲ್ಲ. ಧೈರ್ಯ ಬಂದಾಗ ಹೀಗಾಯಿತು.

ಗಂಡನ ವೈದ್ಯ

ನಮ್ಮವರು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರು. ಮತ್ತೆ ಆಫ್, ಮತ್ತೆ ಆನ್. ಹನ್ನೊಂದು ಸಲ ಎಣಿಸಿದೆ.

"ಬೇರೆ ಏನಾದ್ರೂ ಮಾಡ್ರೀ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಗೊತ್ತಾಗದೆ ಏನು. ನಾನು ಮುನಿಸಿಕೊಂಡಾಗಲೂ ಅವರು ಮಾಡುವುದು ಇಷ್ಟೇ. ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ಏನೂ ಆಗಿಲ್ಲವೆಂಬಂತೆ ಮತ್ತೆ ಶುರು ಮಾಡುವುದು.

ಅತ್ತೆಯ ವೈದ್ಯ

ಹಿಂದೊಮ್ಮೆ ಬಕೆಟ್ಟಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತು ಬದುಕಿಸಿದ ಹೆಮ್ಮೆ ನಮ್ಮತ್ತೆಗೆ. ಹೇಳದೆ ಕೇಳದೆ ಡಿಸ್ಕನ್ನು ಅಕ್ಕಿ ಡಬ್ಬಿಯಲ್ಲಿ ಮುಳುಗಿಸಿದರು.

"ಅತ್ತೇ, ಇದು ನೀರಿಗೆ ಬಿದ್ದಿಲ್ಲ."

"ಬಿದ್ದಿಲ್ದೇ ಇದ್ರೂ ಅಕ್ಕಿಯಿಂದ ಕೆಟ್ಟವ್ರುಂಟಾ?"

ಮೂರು ದಿನ ಡಬ್ಬಿ ಮುಟ್ಟಲು ಬಿಡಲಿಲ್ಲ. ಮೂರು ದಿನವೂ ಅವಲಕ್ಕಿ ತಿಂದೆವು. ನಾಲ್ಕನೆಯ ದಿನ ಡಿಸ್ಕ್ ತೆಗೆದಾಗ ಮೈಮೇಲೆ ಎರಡು ಹುಳ ಹರಿದಾಡುತ್ತಿದ್ದವು. ಅದರಲ್ಲಿ ಜೀವ ಅಂತ ಇದ್ದದ್ದು ಅಷ್ಟೇ.

ಮೇಷ್ಟರ ವೈದ್ಯ

ಪಕ್ಕದ ಬೀದಿಯ ಕಂಪ್ಯೂಟರ್ ಮೇಷ್ಟರು ಬಂದು ಡಿಸ್ಕನ್ನು ಕಿವಿಗೆ ಹಿಡಿದರು, ತಲೆಯಾಡಿಸಿದರು.

"ಇಂಥದ್ದನ್ನೆಲ್ಲ ಇನ್ನೊಂದು ಕಾಪಿ ಮಾಡಿಟ್ಕೋಬೇಕಮ್ಮ. ಒಂದೇ ಇಟ್ಕೊಂಡ್ರೆ ಹೋದಾಗ ಹೀಗೇ ಅಳಬೇಕಾಗುತ್ತೆ."

"ಅಮ್ಮಂದೂ ಒಂದೇ ಕಾಪಿ ಇತ್ತು ಸಾರ್."

ಚಹಾ ಅರ್ಧಕ್ಕೇ ಬಿಟ್ಟು, ತಟ್ಟೆಯಲ್ಲಿದ್ದ ಕೊನೆಯ ಬಿಸ್ಕತ್ತು ಹಿಡಿದು ಎದ್ದರು. ಆ ಬಿಸ್ಕತ್ತನ್ನಾದರೂ ಬಿಟ್ಟು ಹೋಗಬಹುದಿತ್ತು.

ಬಸ್ಸಿನಲ್ಲಿ

ಕೊನೆಗೆ ನಾನೇ ಶಿರಾಳಕೊಪ್ಪದ ರಿಪೇರಿ ಅಂಗಡಿಗೆ ಹೊರಟೆ. ಬಸ್ಸಿನ ಕುಲುಕಾಟಕ್ಕೆ ಹೆದರಿ ಡಿಸ್ಕಿಗೆ ಮಗಳ ಹಳೆಯ ಶಾಲನ್ನು ನಾಲ್ಕು ಸುತ್ತು ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ಬಗ್ಗಿ ನೋಡಿತು.

"ಒಳ್ಳೇ ಕೂಸವ್ವ. ಒಂಚೂರೂ ಅಳದಿಲ್ಲ."

"ಅದಕ್ಕೇ ಕರ್ಕೊಂಡು ಹೊಂಟಿದೀನಿ ಅಜ್ಜಿ. ಹದಿನೈದು ದಿನದಿಂದ ಸದ್ದೇ ಇಲ್ಲ."

ಮುಂದಿನ ಸ್ಟಾಪಿನಲ್ಲಿ ಅಜ್ಜಿ ಸೀಟು ಬದಲಾಯಿಸಿತು.

ಕುಂಕುಮ

ಅಂಗಡಿಯ ಭಾಯಿ ವೈರ್ ಚುಚ್ಚುವ ತೂತಿಗೆ ಬೆಳಕು ಬಿಟ್ಟು ನೋಡಿದರು. ಸೂಜಿಯಿಂದ ಕೆದಕಿದರು. ಬಿಳಿ ಕಾಗದದ ಮೇಲೆ ಕೆಂಪು ಪುಡಿ ಉದುರಿತು.

"ತುಕ್ಕಾ?" ಎಂದೆ.

"ಕುಂಕುಮ ಅಕ್ಕಾ. ನೀರಲ್ಲಿ ಕಲಸಿ ಯಾರೋ ಬಾಯಿ ತುಂಬ ಮೆತ್ತಿದಾರೆ. ಒಳಗೆ ಏನೂ ಕೆಟ್ಟಿಲ್ಲ."

ಯಾರೋ ಅಲ್ಲ. ಪೂಜೆಯ ದಿನ ಕಂಪ್ಯೂಟರ್, ಪ್ರಿಂಟರ್, ಕತ್ತರಿಗೆಲ್ಲ ಒಂದೊಂದು ಬೊಟ್ಟು ಇಟ್ಟಿದ್ದೆ. ಒಳಗೆ ಅಮ್ಮ ಇದ್ದಾಳಲ್ಲ ಎಂದು ಡಿಸ್ಕಿಗೆ ಮಾತ್ರ ಮೂರು ಬೆರಳಲ್ಲಿ ಬಳಿದಿದ್ದೆ.

"ಯಾರು ಅಂತ ಮನೇಲಿ ವಿಚಾರಿಸ್ತೀನಿ" ಎಂದು ಹೇಳಿ ಬಂದೆ.

ಮನೆಗೆ ಬಂದು, ತೂತಿನಲ್ಲಿ ಕುಂಕುಮ ಸಿಕ್ಕಿತೆಂದಷ್ಟೇ ಹೇಳಿದೆ. ವೈರ್ ಚುಚ್ಚಿದೆವು. ದೀಪ ಹತ್ತಿತು. ನಾಮಕರಣದ ಊಟದ ಹೊತ್ತು. ಪರದೆಯ ಮೇಲೆ ಖಾಲಿ ತೊಟ್ಟಿಲು. ಆರತಿ ತಟ್ಟೆ ಹಿಡಿದು ಅಮ್ಮ ಬಂದಳು. ಮುಖದ ಮೇಲೆ ಸೆರಗಿಲ್ಲ. ನೆಟ್ಟಗೆ ನನ್ನನ್ನೇ ನೋಡಿದಳು.

"ಪಾಪ, ಬೆಳಗಿಂದ ಕೂಸನ್ನ ನೋಡ್ತಾ ನಿಂತೈತಿ ಈ ಕ್ಯಾಮೆರಾ" ಎಂದಳು. "ಇದಕ್ಕೂ ಒಂದೀಟು ಕುಂಕುಮ ಇಡಾನ. ದೃಷ್ಟಿ ಆಗಬಾರದು."

ಮೂರು ಬೆರಳು ಹತ್ತಿರ ಬಂದವು. ಪರದೆ ಪೂರ್ತಿ ಕೆಂಪಾಯಿತು.

"ಅವತ್ತು ಲೆನ್ಸಿಗೆ ಮಕ್ಕಳು ಕುಂಕುಮ ಬಳಿದ್ರು ಅಂತ ಇಬ್ಬರಿಗೆ ಬೈದಿದ್ನಲ್ಲೇ" ಎಂದರು ನಮ್ಮವರು. ನಾನು ವೇಲನ್ನು ಮುಖಕ್ಕೆ ಎಳೆದುಕೊಂಡೆ. ಅವರು ನನ್ನ ಬೆರಳುಗಳನ್ನೊಮ್ಮೆ ನೋಡಿ, ಎದ್ದು, ಕುಂಕುಮದ ಭರಣಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.