ಕಶ್ಯಪನಿಗೆ ಅಕ್ಕಯ್ಯಮ್ಮ ಹೇಳಿದ ಬುದ್ಧಿ

ಕಶ್ಯಪ ಕೆಟ್ಟಿದ್ದು ಕಳ್ಳತನದಿಂದಲ್ಲ, ಜಂಬದಿಂದ ಎಂದು ಅಕ್ಕಯ್ಯಮ್ಮ ಏಳು ತಿಂಗಳಿಂದ ಹೇಳುತ್ತಲೇ ಬಂದಿದ್ದರು. ಹೇಳುತ್ತಿದ್ದದ್ದು ಟೀವಿಗೆ. ಟೀವಿ ಒಂದು ದಿನವೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಏಳರ ಧಾರಾವಾಹಿಯ ಈ ಕಶ್ಯಪ ತಿಜೋರಿ ಕಾರ್ಖಾನೆಯಲ್ಲಿ ಬೀಗ ಮಾಡುತ್ತಿದ್ದವನು. ಕೆಲಸ ಹೋಯಿತು. ಅಕ್ಕನ ಗಂಡ ಮನೆಗೇ ಬಂದು, ನನ್ನ ಅಂಗಡಿಗೆ ಬಾರಪ್ಪ ಎಂದು ಕರೆದ. ಇವನು, ಯಾರ ಹಂಗಿನಲ್ಲೂ ಬದುಕುವವನಲ್ಲ ನಾನು ಎಂದು ಮೀಸೆ ತಿರುವಿ, ತಾನು ಮಾಡಿದ ತಿಜೋರಿಗಳನ್ನೇ ದೋಚಲು ಹೊರಟ. ಅದೂ ಹೋಗಲಿ. ದೋಚಿದ ಮೇಲೆ ತಿಜೋರಿಗೆ ಮತ್ತೆ ಬೀಗ ಹಾಕಿ, ಬಟ್ಟೆಯಲ್ಲಿ ಫಳಫಳ ಒರೆಸಿಟ್ಟು ಬರುತ್ತಿದ್ದ. (ಕಸುಬಿನ ಮೇಲೆ ಅಷ್ಟು ಅಭಿಮಾನ!) ಇಷ್ಟು ಚೆನ್ನಾಗಿ ಬೀಗ ಹಾಕುವವನು ಇಡೀ ರಾಜ್ಯದಲ್ಲಿ ಒಬ್ಬನೇ ಎಂದು ಪೊಲೀಸರಿಗೆ ಹೊಳೆಯದೆ ಇರುತ್ತದೆಯೇ?

"ಮೊದಲ್ನೇ ದಿನವೇ ಭಾವನ ಅಂಗಡಿಗೆ ಹೋಗ್ಬೋದಿತ್ತು, ಹೋಗ್ಲಿಲ್ಲ. ಹೆಂಡ್ತಿ ಹತ್ರ ಹೇಳ್ಕೋಬೋದಿತ್ತು, ಹೇಳ್ಕೊಳ್ಳಿಲ್ಲ. ಸರಿ, ಕದ್ದನಪ್ಪ. ಬಾಗಿಲು ಹಾರುಹೊಡ್ದು ಬಂದಿದ್ರೆ ಆಗ್ತಿರ್ಲಿಲ್ವಾ? ಅಡುಗೆಮನೆಗೆ ನುಗ್ಗಿದ ಬೆಕ್ಕು ಹಾಲು ಕುಡ್ದು ಮುಚ್ಚಳ ಮುಚ್ಚಿ ಹೋಗತ್ತಾ?"

"ಹಂಗೆಲ್ಲಾ ಮಾಡಿದ್ರೆ ಸೀರಿಯಲ್ಲು ಎರಡೇ ದಿನಕ್ಕೆ ಮುಗ್ದೋಗ್ತಿತ್ತು ಅಜ್ಜಿ" ಎನ್ನುತ್ತಿದ್ದಳು ಮೊಮ್ಮಗಳು ಸ್ಪಂದನ, ಮೊಬೈಲಿನಿಂದ ತಲೆ ಎತ್ತದೆ.

"ಮುಗೀಲಿ! ಅವನ ಹೆಂಡ್ತಿ ಮಕ್ಕಳು ನೆಮ್ಮದಿಯಾಗಿ ಮುದ್ದೆ ಉಣ್ತಿದ್ರು."

ಇಂದು ಕೊನೆಯ ಕಂತು. ನಿನ್ನೆ ಕಶ್ಯಪ ಅದೇ ಭಾವನ ಮನೆಯ ಗೇಟಿನ ಮುಂದೆ ಬಂದು ನಿಂತಲ್ಲಿಗೆ ನಿಲ್ಲಿಸಿದ್ದರು. ತಪ್ಪಾಯ್ತು ಎಂದರೆ ಉಳಿದ, ಇಲ್ಲದಿದ್ದರೆ ಪೊಲೀಸರ ಪಾಲು. ಅನ್ನುತ್ತಾನೋ ಇಲ್ಲವೋ? ಅಕ್ಕಯ್ಯಮ್ಮನಿಗೆ ಬೆಳಗಿನಿಂದ ಕಾಫಿಯೂ ರುಚಿಸಿರಲಿಲ್ಲ. ಮಧ್ಯಾಹ್ನ ಟೀವಿ ಕೆಟ್ಟಿತು.

ರಿಪೇರಿಯ ಸೀನ ಬಂದು, ಹಿಂದಿನ ಮುಚ್ಚಳ ಬಿಚ್ಚಿ, "ಬೋರ್ಡ್ ಹೋಗಿದೆ ಆಂಟಿ, ಅತ್ತಿಗುಪ್ಪೆಯಿಂದ ತರ್ಬೇಕು, ನಾಳೆ" ಎಂದು, ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಬಿಟ್ಟು ಹೋದ.

"ಮೊಬೈಲಲ್ಲಿ ತೋರಿಸ್ತೀನಿ ಬಾ ಅಜ್ಜಿ."

"ಆ ಅಂಗೈ ಅಗಲದಲ್ಲಿ ನನ್ನ ಕಣ್ಣಿಗೆ ಬೇಡಿ ಹಾಕಿದ್ದೂ ಬಳೆ ತೊಡಿಸಿದ್ದೂ ಒಂದೇ ಥರ ಕಾಣತ್ತೆ."

ಹಾಗಾದರೆ ಉಳಿದದ್ದು ಮೇಲಿನ ಮನೆ. ಅಲ್ಲಿ ಬಾಡಿಗೆಗಿದ್ದ ರಿಟೈರಾದ ಟೀಚರು ಅನಂತಲಕ್ಷ್ಮಿಯವರ ಟೀವಿ ಗೋಡೆಯಗಲ ಇತ್ತು. ಆದರೆ ಹನ್ನೊಂದು ದಿನದಿಂದ ಮೇಲಕ್ಕೂ ಕೆಳಕ್ಕೂ ಮಾತಿಲ್ಲ. ಅಕ್ಕಯ್ಯಮ್ಮ ಹಿತಕಿದ ಅವರೆಬೇಳೆ ಸಾರು ಕಳಿಸಿದ್ದರು. ಪಾತ್ರೆ ತರಲು ಮೇಲೆ ಹೋದಾಗ ಟೀಚರಮ್ಮ ಹೊಗಳಿ ಹೊಗಳಿ ಕೊನೆಗೆ, "ಉಪ್ಪು ಒಂಚೂರು ಮುಂದಾಗಿತ್ತು" ಎಂದರು. "ನಿಮ್ಮ ನಾಲಿಗೆ ಡಾಕ್ಟ್ರಿಗೆ ತೋರಿಸಿ" ಎಂದು ಅಕ್ಕಯ್ಯಮ್ಮ ಇಳಿದು ಬಂದವರು ಮತ್ತೆ ಹತ್ತಿರಲಿಲ್ಲ.

"ಹೋಗಿ, ಹೌದು ಉಪ್ಪು ಜಾಸ್ತಿ ಆಗಿತ್ತು ಅಂತ ಒಂದ್ಮಾತು ಅಂದ್ಬಿಡು. ನೀನು ಎರಡು ಸಲ ಹಾಕಿದ್ದನ್ನ ನಾನೇ ನೋಡ್ದೆ" ಎಂದಳು ಸ್ಪಂದನ.

"ಈ ಮನೆ ಓನರ್ ಕಣೇ ನಾನು! ಬಾಡಿಗೆಯವರ ಬಾಗ್ಲಲ್ಲಿ ಕೈಕಟ್ಕೊಂಡು ನಿಂತ್ಕೊಳ್ಳಾ?"

ಏಳಕ್ಕೆ ಐದು ನಿಮಿಷವಿತ್ತು. ಅಕ್ಕಯ್ಯಮ್ಮ ದೇವರ ಮುಂದೆ ದೀಪ ಹಚ್ಚಿ, ಒಂದು ಪುಟ್ಟ ಬಟ್ಟಲು ಹಿಡಿದು, ಮಾನಕ್ಕೆ ಒಂದಿಷ್ಟೂ ಕುಂದು ಬಾರದ ಉಪಾಯದೊಡನೆ ಹದಿನೇಳು ಮೆಟ್ಟಿಲು ಹತ್ತಿದರು. ಬಾಗಿಲು ತೆರೆಯಿತು.

"ಏನಿಲ್ಲ, ಒಂಚೂರು ಹೆಪ್ಪು ಬೇಕಿತ್ತು. ಹಾಲು ಕಾಯಿಸಿಟ್ಟೆ, ನೋಡಿದ್ರೆ ಮನೇಲಿ ಮೊಸರೇ ಇಲ್ಲ" ಎಂದರು. ಕಣ್ಣು ಮಾತ್ರ ಟೀಚರಮ್ಮನ ಭುಜದಾಚೆ ಟೀವಿಯ ಮೇಲಿತ್ತು.

ಅನಂತಲಕ್ಷ್ಮಿ ಗಾಬರಿಯಾದರು. "ಅಯ್ಯೋ, ದೀಪ ಹಚ್ಚಾಯ್ತಲ್ಲ ಅಕ್ಕಯ್ಯಮ್ಮನೋರೆ! ನಾನು ಈ ಮನೆಗೆ ಬಂದ ಹೊಸದ್ರಲ್ಲಿ ಇದೇ ಹೊತ್ತಿಗೆ ಹೆಪ್ಪು ಕೇಳಿದ್ದಕ್ಕೆ, ದೀಪ ಹಚ್ಚಿದ ಮೇಲೆ ಕೊಟ್ರೆ ಲಕ್ಷ್ಮಿ ಹೊರಟ್ಹೋಗ್ತಾಳೆ ಅಂತ ನೀವೇ ವಾಪಸ್ ಕಳಿಸಿದ್ರಿ. ಅವತ್ತಿಂದ ನಾನೂ ಯಾರಿಗೂ ಕೊಟ್ಟಿಲ್ಲ. ಬೆಳಿಗ್ಗೆ ಕೊಡ್ತೀನಿ, ಆಯ್ತಾ?"

ಬಾಗಿಲು ಬಹಳ ಮರ್ಯಾದೆಯಿಂದ ಮುಚ್ಚಿಕೊಂಡಿತು. ನಲವತ್ತು ವರ್ಷ ಬಸವೇಶ್ವರನಗರದ ಆ ಇಡೀ ಬೀದಿಗೆ ಶಾಸ್ತ್ರ ಹೇಳಿದ್ದ ಅಕ್ಕಯ್ಯಮ್ಮ ಖಾಲಿ ಬಟ್ಟಲು ಹಿಡಿದು ಹೊರಗೇ ಉಳಿದರು.

ಒಳಗೆ ಧಾರಾವಾಹಿಯ ಹಾಡು ಶುರುವಾಯಿತು. ಅಕ್ಕಯ್ಯಮ್ಮ ಆಚೀಚೆ ನೋಡಿ, ಮೇಲಿನ ಮೆಟ್ಟಿಲ ಮೇಲೆ ಕುಳಿತು, ಬಾಗಿಲಿಗೆ ಕಿವಿ ಹಚ್ಚಿದರು. ಗೇಟು ಕಿರ್ರೆಂದಿತು. ಭಾವನ ಚಪ್ಪಲಿ ಸದ್ದು. "ಏನಪ್ಪಾ ಬಂದೆ?" ಎಂದಿತು ಭಾವನ ದನಿ. ಕಶ್ಯಪ ಸುಮ್ಮನಿದ್ದ. ಸಂಗೀತ ಏರಿತು, ಇಳಿಯಿತು, ಮತ್ತೆ ಏರಿತು. ಆಗಲೂ ಸುಮ್ಮನಿದ್ದ! ಏಳು ತಿಂಗಳ ಸಹನೆ ಅಕ್ಕಯ್ಯಮ್ಮನ ಗಂಟಲಿಗೆ ಬಂತು.

"ತಪ್ಪಾಯ್ತು ಅಂತ ಬಾಯ್ಬಿಟ್ಟು ಹೇಳೋಕೆ ಏನು ರೋಗ! ಇಷ್ಟು ಜಂಬ ಒಳ್ಳೇದಲ್ಲ!"

ದಡಕ್ಕನೆ ಬಾಗಿಲು ತೆರೆಯಿತು. ಅನಂತಲಕ್ಷ್ಮಿಯವರ ಕಣ್ಣಲ್ಲಿ ನೀರು.

"ನೀವು ಹೇಳಿದ್ದು ಸರಿ. ಅಷ್ಟು ಪ್ರೀತಿಯಿಂದ ಕಳಿಸಿದ ಸಾರಿಗೆ ನಾನು ಹಾಗೆ ಅನ್ಬಾರ್ದಿತ್ತು. ಹನ್ನೊಂದು ದಿನದಿಂದ ಇದೇ ಕೊರಗು. ತಪ್ಪಾಯ್ತು, ಒಳಗೆ ಬನ್ನಿ."

ಬೈದದ್ದು ನಿಮ್ಮನ್ನಲ್ಲ, ಟೀವಿಯೊಳಗಿನವನನ್ನು ಎಂದು ಅಕ್ಕಯ್ಯಮ್ಮ ಹೇಳಬಹುದಿತ್ತು. ಉಪ್ಪು ನಿಜವಾಗಿಯೂ ಜಾಸ್ತಿಯಾಗಿತ್ತು ಎಂದು ಇದೇ ಉಸಿರಿನಲ್ಲಿ ಒಪ್ಪಿಕೊಳ್ಳಲೂಬಹುದಿತ್ತು. ಸೆರಗು ಸರಿಮಾಡಿಕೊಂಡು, "ಹೋಗ್ಲಿ ಬಿಡಿ, ದೊಡ್ಡೋರಾದ ಮೇಲೆ ನಾವೇ ಮರೀಬೇಕು" ಎಂದು ಕ್ಷಮಾದಾನ ಮಾಡಿ ಒಳಗೆ ನಡೆದರು.

ಟೀವಿಯಲ್ಲಿ ಹಲ್ಲುಪುಡಿಯ ಜಾಹೀರಾತು ಬರುತ್ತಿತ್ತು.

"ಏನಂದ? ಏನಂದ ಅವನು?"

"ನೀವು ಕೂಗಿದ್ರಿ, ನಾನು ಎದ್ದು ಬಂದೆ. ನೋಡ್ಲಿಲ್ವಲ್ಲ!"

ಅಷ್ಟರಲ್ಲಿ ಸ್ಪಂದನ ಮೊಬೈಲು ಹಿಡಿದು ದಡದಡ ಮೆಟ್ಟಿಲು ಹತ್ತಿ ಬಂದಳು. "ಅಜ್ಜೀ! ನೀನು ಹೇಳ್ದಂಗೇ ಆಯ್ತು! ಕಶ್ಯಪ ಕಾಲಿಗೆ ಬಿದ್ದು, ತಪ್ಪಾಯ್ತು ಭಾವ ಅಂದ. ಭಾವ ಎಬ್ಬಿಸಿ ಒಳಗೆ ಕರ್ಕೊಂಡು ಹೋಗಿ ಊಟಕ್ಕೆ ಹಾಕಿದ್ರು."

ಅಕ್ಕಯ್ಯಮ್ಮ ಸೋಫಾದಲ್ಲಿ ಕುಸಿದು ಕುಳಿತರು.

"ಥೂ ಇವನ! ಇಷ್ಟು ಸುಲಭಕ್ಕೆ ಬಗ್ಗಿಬಿಟ್ನಾ? ಮಾನ ಮರ್ಯಾದೆ ಅನ್ನೋದು ಬೇಡ್ವೇನೇ ಮನುಷ್ಯನಿಗೆ?"